ಬಾವುಟ ಹಿಡಿದ ಕೈಗಳು

1811ರ ಮೇ 16. ಸ್ಪೇನ್ ದೇಶದ ಆಲ್ಬುಯೆರಾ ಎಂಬ ಪುಟ್ಟ ಊರಿನ ಹೊರಗೆ ಬ್ರಿಟಿಷರಿಗೂ ಫ್ರೆಂಚರಿಗೂ ಕಾಳಗ ನಡೆದಿತ್ತು. ಇದ್ದಕ್ಕಿದ್ದಂತೆ ಆಲಿಕಲ್ಲು ಮಳೆ ಸುರಿಯಿತು. ಮದ್ದು ನೆನೆದು ಕೋವಿಗಳು ಸುಮ್ಮನಾದವು, ಹತ್ತು ಮಾರು ಆಚೆಗಿನದು ಕಾಣದಾಯಿತು. ಆ ಮಳೆಯ ಮರೆಯಲ್ಲೇ ಫ್ರೆಂಚರ ಕಡೆಯ ಪೋಲಿಷ್ ಈಟಿ ಸವಾರರು ಬ್ರಿಟಿಷ್ ಸಾಲಿನ ಪಕ್ಕಕ್ಕೆ ನುಗ್ಗಿದರು. 'ಬಫ್ಸ್' ಎಂದು ಹೆಸರಾದ 3ನೇ ಪದಾತಿ ರೆಜಿಮೆಂಟಿನಲ್ಲಿ ಬೆಳಿಗ್ಗೆ 755 ಮಂದಿ ಇದ್ದರು. ಸಂಜೆ ಲೆಕ್ಕ ಹಾಕಿದಾಗ ಸತ್ತವರು, ಗಾಯಗೊಂಡವರು, ಸೆರೆಸಿಕ್ಕವರು ಸೇರಿ 643 ಮಂದಿ ಇಲ್ಲವಾಗಿದ್ದರು.

ಆ ಗದ್ದಲದಲ್ಲಿ ಸವಾರರ ಕಣ್ಣು ಬಿದ್ದದ್ದು ಬಾವುಟಗಳ ಮೇಲೆ. ರೆಜಿಮೆಂಟಿಗೆ ಎರಡು ಬಾವುಟ, ಒಂದು ದೊರೆಯದು, ಇನ್ನೊಂದು ರೆಜಿಮೆಂಟಿನದು. ರೆಜಿಮೆಂಟಿನ ಬಾವುಟ ಹಿಡಿದಿದ್ದ ಎಡ್ವರ್ಡ್ ಥಾಮಸ್ ಇನ್ನೂ ಮೀಸೆ ಮೂಡದ ಹುಡುಗ. ಕೊಡು ಅಂದರೆ ಕೊಡಲಿಲ್ಲ, ಕೊಂದು ಕಿತ್ತುಕೊಂಡರು. ದೊರೆಯ ಬಾವುಟ ಹಿಡಿದವನೂ ಗಾಯಗೊಂಡ. ಅದು ವೈರಿಯ ಕೈಸೇರುವಷ್ಟರಲ್ಲಿ ಲೆಫ್ಟಿನೆಂಟ್ ಮ್ಯಾಥ್ಯೂ ಲೇಥಮ್ ಓಡಿಬಂದು ಕೋಲನ್ನು ಹಿಡಿದುಕೊಂಡ. ಒಬ್ಬ ಸವಾರನ ಕತ್ತಿ ಅವನ ಮೂಗನ್ನೂ ಒಂದು ಕಡೆಯ ಕೆನ್ನೆಯನ್ನೂ ಸೀಳಿಹಾಕಿತು. ಇನ್ನೊಂದು ಏಟಿಗೆ ಎಡಗೈ ಹೋಯಿತು. ಲೇಥಮ್ ಬಲಗೈಯಲ್ಲಿದ್ದ ಕತ್ತಿಯನ್ನು ಬಿಸುಟು ಅದೇ ಕೈಯಿಂದ ಬಾವುಟ ಹಿಡಿದ. ಈಟಿಗಳು ತಿವಿದವು, ಕುದುರೆಗಳು ತುಳಿದವು. ಬಿದ್ದಲ್ಲೇ ಬಟ್ಟೆಯನ್ನು ಕೋಲಿನಿಂದ ಹರಿದು ಅಂಗಿಯೊಳಗೆ ತುರುಕಿಕೊಂಡ. ಯುದ್ಧ ಮುಗಿದ ಮೇಲೆ ಹೆಣಗಳ ನಡುವೆ ಅವನು ಸಿಕ್ಕ, ಉಸಿರಿತ್ತು. ಬಾವುಟವೂ ಸಿಕ್ಕಿತು.

ಈ ಸಾಹಸದ ಶ್ರೇಯ ಮೊದಲಿಗೆ ಬೇರೊಬ್ಬನಿಗೆ ಹೋಗಿತ್ತು. ನಿಜ ತಿಳಿದ ಮೇಲೆ ಜೊತೆಯ ಅಧಿಕಾರಿಗಳು ದುಡ್ಡು ಹಾಕಿ ಲೇಥಮನಿಗೆ 100 ಗಿನಿ ಬೆಲೆಯ ಚಿನ್ನದ ಪದಕ ಮಾಡಿಸಿಕೊಟ್ಟರು. ಆದರೆ ಪದಕವನ್ನು ಎದೆಗೆ ತೂಗುಹಾಕಿಕೊಳ್ಳಬಹುದು, ಮೂಗಿಲ್ಲದ ಮುಖ ಹೊತ್ತು ನಾಲ್ಕು ಜನರ ನಡುವೆ ಹೇಗೆ ಓಡಾಡುವುದು? ಅದಕ್ಕೆ ಉತ್ತರ ಬಂದದ್ದು ನಮ್ಮ ಶ್ರೀರಂಗಪಟ್ಟಣದ ದಾರಿಯಾಗಿ.

ಲೇಥಮನಿಗೆ ಏಟು ಬೀಳುವುದಕ್ಕೆ ಸುಮಾರು ಇಪ್ಪತ್ತು ವರ್ಷ ಮೊದಲು, ಟಿಪ್ಪುವಿನ ಮೇಲಿನ ಮೂರನೇ ಮೈಸೂರು ಯುದ್ಧದಲ್ಲಿ, ಇಂಗ್ಲಿಷ್ ಸೈನ್ಯಕ್ಕೆ ಎತ್ತು ಹೊಡೆಯುತ್ತಿದ್ದವರಲ್ಲಿ ಕೊವಾಸ್ಜಿ ಎಂಬೊಬ್ಬ ಮರಾಠ ರೈತನಿದ್ದ. ಆ ಯುದ್ಧ ನಿಂತದ್ದೇ ಎತ್ತುಗಳ ಮೇಲೆ. 1791ರಲ್ಲಿ ಶ್ರೀರಂಗಪಟ್ಟಣದ ಬಾಗಿಲಿಗೆ ಬಂದಿದ್ದ ಕಾರ್ನ್‌ವಾಲಿಸ್, ತೋಪು ಎಳೆಯುವ ಎತ್ತುಗಳು ಸತ್ತವೆಂದೇ ತನ್ನ ದೊಡ್ಡ ತೋಪುಗಳನ್ನು ತಾನೇ ಒಡೆದುಹಾಕಿ ಹಿಂದಿರುಗಬೇಕಾಯಿತು. ಅಂಥ ಯುದ್ಧದಲ್ಲಿ ಟಿಪ್ಪುವಿನ ಕಡೆಯವರಿಗೆ ಸೆರೆಸಿಕ್ಕ ಕೊವಾಸ್ಜಿಯ ಮೂಗನ್ನೂ ಒಂದು ಕೈಯನ್ನೂ ಕತ್ತರಿಸಿ ಕಳಿಸಿದರು. ವರ್ಷದ ಮೇಲೆ ಹಾಗೇ ಇದ್ದ. ಆಮೇಲೆ ಪುಣೆಯ ಹತ್ತಿರ, ಇಟ್ಟಿಗೆ ಮಾಡುವ ಜಾತಿಯ ಒಬ್ಬ ಕಸುಬುದಾರ ಮೇಣದಲ್ಲಿ ಮೂಗಿನ ಅಚ್ಚು ಮಾಡಿ, ಅದನ್ನು ಹಣೆಯ ಮೇಲೆ ಚಪ್ಪಟೆಯಾಗಿ ಹರಡಿ ಅಳತೆ ಗುರುತು ಮಾಡಿಕೊಂಡು, ಅಷ್ಟು ಚರ್ಮವನ್ನು ಬಿಡಿಸಿ, ಹುಬ್ಬುಗಳ ನಡುವೆ ಮಾತ್ರ ಅಂಟು ಉಳಿಸಿ, ಕೆಳಕ್ಕೆ ತಿರುಗಿಸಿ ಹೊಸ ಮೂಗು ಕೂರಿಸಿದ. ಲಂಡನ್ನಿನ 'ಜೆಂಟಲ್‌ಮನ್ಸ್ ಮ್ಯಾಗಜೀನ್' 1794ರ ಅಕ್ಟೋಬರಿನಲ್ಲಿ ಇದನ್ನು ಚಿತ್ರಸಮೇತ ಅಚ್ಚು ಹಾಕಿತು. ಆ ಕಸುಬುದಾರನ ಹೆಸರು ಅದರಲ್ಲಿಲ್ಲ.

ಆ ವಿದ್ಯೆಯನ್ನು ಬೆನ್ನಟ್ಟಿದವನು ಲಂಡನ್ನಿನ ಶಸ್ತ್ರವೈದ್ಯ ಜೋಸೆಫ್ ಕಾರ್ಪ್ಯೂ. ಹೆಣಗಳ ಮೇಲೆ ಕೈ ಪಳಗಿಸಿಕೊಂಡು 1814ರಲ್ಲಿ ಮೊದಲ ರೋಗಿಗೆ ಈ ಭಾರತೀಯ ಪದ್ಧತಿಯಲ್ಲಿ ಮೂಗು ಕಟ್ಟಿದ. ಎರಡನೆಯ ರೋಗಿಯೇ ಮ್ಯಾಥ್ಯೂ ಲೇಥಮ್. ಖರ್ಚು ಕೊಡಲು ಮುಂದೆ ಬಂದವನು ಯುವರಾಜ, ಮುಂದೆ ನಾಲ್ಕನೇ ಜಾರ್ಜ್ ಆದವನು. ಅರಿವಳಿಕೆ ಇನ್ನೂ ಬಂದಿರದ ಕಾಲ ಅದು. ಕಾರ್ಪ್ಯೂ 1816ರಲ್ಲಿ ಈ ಇಬ್ಬರ ಚಿಕಿತ್ಸೆಯ ಬಗ್ಗೆ ಪುಸ್ತಕವನ್ನೇ ಬರೆದ. ಯೂರೋಪಿನ ಪ್ಲಾಸ್ಟಿಕ್ ಸರ್ಜರಿಯ ಹೊಸ ಅಧ್ಯಾಯ ಅಲ್ಲಿಂದ ಶುರು. ಬ್ರಿಟಿಷ್ ಬಾವುಟಗಳ ಕತೆ ಎಂದಾಗ ನನಗೆ ಮೊದಲು ನೆನಪಾಗುವುದು ಈ ಮೂವರು: ಮೈಸೂರಿನ ಯುದ್ಧದಲ್ಲಿ ಮೂಗು ಕಳೆದುಕೊಂಡ ಎತ್ತಿನವನು, ಹೆಸರು ಉಳಿಯದ ಪುಣೆಯ ಕಸುಬುದಾರ, ಸ್ಪೇನಿನ ಕೆಸರಿನಲ್ಲಿ ಬಟ್ಟೆ ಅಪ್ಪಿ ಮಲಗಿದ ಲೇಥಮ್.

ಒಂದು ತುಂಡು ಬಟ್ಟೆಗಾಗಿ ಇಷ್ಟೇಕೆ ಎಂದು ಕೇಳುವುದು ಸಹಜ. ಬಾವುಟ ಮೊದಲಿಗೆ ಪೂಜೆಯ ವಸ್ತುವಲ್ಲ, ಉಪಕರಣ. ಕರಿಮದ್ದಿನ ಕಾಲದ ರಣರಂಗದಲ್ಲಿ ಎರಡು ಸುತ್ತು ಗುಂಡು ಹಾರಿದರೆ ಸಾಕು, ದಟ್ಟ ಹೊಗೆ ಕವಿಯುತ್ತಿತ್ತು. ಅಪ್ಪಣೆ ಕೂಗಿದರೆ ಕೇಳದು. ತನ್ನವರು ಎಲ್ಲಿದ್ದಾರೆ, ಯಾವ ಕಡೆ ಹೋಗಬೇಕು, ಚದುರಿದರೆ ಎಲ್ಲಿ ಕೂಡಬೇಕು ಎಂಬುದು ಸಿಪಾಯಿಗೆ ಗೊತ್ತಾಗುತ್ತಿದ್ದದ್ದು ತಲೆಯ ಮೇಲೆ ಹಾರುವ ಆ ಬಣ್ಣದಿಂದ. ಅದಕ್ಕೇ ಅದು ಆರೂವರೆ ಅಡಿ ಉದ್ದ, ಆರು ಅಡಿ ಅಗಲದ ಭಾರಿ ರೇಷ್ಮೆ. ಕೋಲು ಹತ್ತು ಅಡಿಗೆ ಎರಡಂಗುಲ ಕಡಿಮೆ. ಗಾಳಿಗೆ ಅದು ನೆಟ್ಟಗೆ ನಿಲ್ಲಬೇಕಾದರೆ ತೋಳಿನಲ್ಲಿ ಕಸುವು ಬೇಕು. ಅದನ್ನು ಹಿಡಿಯುವ ಕೆಲಸ ಮಾತ್ರ ರೆಜಿಮೆಂಟಿನ ಅತಿ ಕಿರಿಯ ಅಧಿಕಾರಿಗಳದು. ಬಾವುಟಕ್ಕಿದ್ದ 'ಎನ್‌ಸೈನ್' ಎಂಬ ಹೆಸರೇ ಅವರ ಹುದ್ದೆಯ ಹೆಸರೂ ಆಗಿತ್ತು. ವೈರಿಯ ಗುಂಡು ಮೊದಲು ಹುಡುಕಿಕೊಂಡು ಬರುತ್ತಿದ್ದದ್ದು ಆ ಹುಡುಗರನ್ನೇ. ಅವರ ಕಾವಲಿಗೆಂದು 1813ರಲ್ಲಿ 'ಕಲರ್ ಸಾರ್ಜೆಂಟ್' ಎಂಬ ಹುದ್ದೆ ಹುಟ್ಟಿತು. ಇಂದಿಗೂ ಜೂನಿನಲ್ಲಿ ಲಂಡನ್ನಿನಲ್ಲಿ ದೊರೆಯ ಹುಟ್ಟುಹಬ್ಬಕ್ಕೆ ನಡೆಯುವ 'ಟ್ರೂಪಿಂಗ್ ದ ಕಲರ್' ಮೆರವಣಿಗೆಯ ಮೂಲವೂ ಇದೇ. ಸಾಲುಗಳ ನಡುವೆ ಬಾವುಟವನ್ನು ಹೊತ್ತು ನಡೆದು, ನೋಡಿಕೊಳ್ಳಿ, ನಾಳೆ ಹೊಗೆಯಲ್ಲಿ ಹುಡುಕಬೇಕಾದ್ದು ಇದನ್ನೇ ಎಂದು ಸಿಪಾಯಿಗಳ ಕಣ್ಣಿಗೆ ಅಭ್ಯಾಸ ಮಾಡಿಸುತ್ತಿದ್ದ ಕ್ರಮ ಅದು.

ಬಾವುಟ ಒಬ್ಬನ ಸ್ವಂತ ಆಸ್ತಿಯಾಗಿದ್ದ ಕಾಲವೂ ಇತ್ತು. ರೆಜಿಮೆಂಟು ಕಟ್ಟಿದ ಕರ್ನಲ್ ತನ್ನ ಮನೆತನದ ಲಾಂಛನವನ್ನೇ ಅದರ ಮೇಲೆ ಹೊಲಿಸುತ್ತಿದ್ದ. 1747ರ ನಿಯಮ ಅದನ್ನು ನಿಲ್ಲಿಸಿತು. ಮೊದಲ ಬಾವುಟ ಇಡೀ ದೇಶದ್ದು, ಎರಡನೆಯದು ರೆಜಿಮೆಂಟಿನ ಅಂಗಿಯ ಪಟ್ಟಿಯ ಬಣ್ಣದ್ದು ಎಂದಾಯಿತು. ದೇಶದ ಬಾವುಟವೂ ಮೊದಲಿನಿಂದ ಈಗಿನಂತೆ ಇರಲಿಲ್ಲ. 1606ರಲ್ಲಿ ಇಂಗ್ಲೆಂಡಿನ ನೇರ ಕೆಂಪು ಶಿಲುಬೆ, ಸ್ಕಾಟ್ಲೆಂಡಿನ ಓರೆ ಬಿಳಿ ಶಿಲುಬೆ ಎರಡೇ ಕೂಡಿದ್ದು. ಐರ್ಲೆಂಡಿನ ಓರೆ ಕೆಂಪು ಗೆರೆ ಸೇರಿದ್ದು 1801ರ ಜನವರಿ 1ರಂದು. ಹಾಗಾಗಿ 1799ರ ಮೇ 4ರ ಮಧ್ಯಾಹ್ನ ಶ್ರೀರಂಗಪಟ್ಟಣದ ಕೋಟೆಯ ಒಡಕಿನ ಮೇಲೆ ಏರಿದ ಬ್ರಿಟಿಷ್ ಬಾವುಟದಲ್ಲಿ ಆ ಕೆಂಪು ಓರೆಗೆರೆ ಇರಲು ಸಾಧ್ಯವಿಲ್ಲ. ಹಳೆಯ ಬಾವುಟದ ವಯಸ್ಸು ಹೇಳುವವರು ಮೊದಲು ನೋಡುವುದು ಈ ಗೆರೆಯನ್ನೇ.

ಸಮುದ್ರದಲ್ಲಿ ಬಾವುಟಕ್ಕೆ ಇನ್ನೂ ಹೆಚ್ಚಿನ ಕೆಲಸ. ಅಲ್ಲಿ ಅದು ಮಾತಾಡಬೇಕಿತ್ತು. ಬ್ರಿಟಿಷ್ ನೌಕಾಪಡೆಯಲ್ಲಿ ಕೆಂಪು, ಬಿಳಿ, ನೀಲಿ ಎಂದು ಮೂರು ತುಕಡಿಗಳಿದ್ದವು. ಅಡ್ಮಿರಲ್ ಯಾವ ತುಕಡಿಯವನೋ ಅವನ ಹಡಗುಗಳ ಬಾವುಟಕ್ಕೂ ಅದೇ ಬಣ್ಣ. ಫ್ರೆಂಚರ ಮೇಲಿನ ಟ್ರಫಾಲ್ಗರ್ ಕದನಕ್ಕೆ ಮುನ್ನ ಬ್ರಿಟಿಷ್ ಅಡ್ಮಿರಲ್ ನೆಲ್ಸನ್ ಈ ವ್ಯವಸ್ಥೆಯನ್ನು ಬದಿಗಿಟ್ಟ. ಅವನು ಬಿಳಿ ತುಕಡಿಯವನು, ಅವನ ಎರಡನೆಯವನಾದ ಕಾಲಿಂಗ್‌ವುಡ್ ನೀಲಿಯವನು. ಹೊಗೆಯಲ್ಲಿ ನಮ್ಮವರು ಯಾರು, ಫ್ರೆಂಚರು ಯಾರು ಎಂದು ಗೊಂದಲವಾಗಬಾರದೆಂದು ಎಲ್ಲ ಹಡಗುಗಳೂ ಬಿಳಿ ಬಾವುಟವನ್ನೇ ಹಾರಿಸಬೇಕೆಂದು ಅಪ್ಪಣೆ ಮಾಡಿದ. ಮೂರು ಬಣ್ಣದ ಪದ್ಧತಿಯೇ 1864ರಲ್ಲಿ ಹೋಯಿತು. ಅಂದಿನಿಂದ ಬಿಳಿ ನೌಕಾಪಡೆಗೆ, ಕೆಂಪು ವ್ಯಾಪಾರಿ ಹಡಗುಗಳಿಗೆ, ನೀಲಿ ಸರ್ಕಾರಿ ಕೆಲಸದ ಮತ್ತು ಮೀಸಲು ಪಡೆಯ ಹಡಗುಗಳಿಗೆ.

ಆ ಕದನದ ದಿನ, 1805ರ ಅಕ್ಟೋಬರ್ 21ರಂದು, ನೆಲ್ಸನ್ನನ 'ವಿಕ್ಟರಿ' ಹಡಗಿನ ಕೂವೆಮರದಿಂದ ಹಾರಿದ ಸಂದೇಶವನ್ನು ಇಂಗ್ಲಿಷ್ ಬಲ್ಲ ಮಕ್ಕಳೆಲ್ಲ ಕೇಳಿರುತ್ತಾರೆ: ಪ್ರತಿಯೊಬ್ಬನೂ ತನ್ನ ಕರ್ತವ್ಯ ಮಾಡುವನೆಂದು ಇಂಗ್ಲೆಂಡ್ ನಿರೀಕ್ಷಿಸುತ್ತದೆ. ಆದರೆ ನೆಲ್ಸನ್ ಮೊದಲು ಹೇಳಿದ್ದು 'ನಿರೀಕ್ಷಿಸುತ್ತದೆ' ಎಂದಲ್ಲ, 'ನಂಬಿದೆ' ಎಂದು. ಸಂಕೇತದ ಹೊಣೆ ಹೊತ್ತಿದ್ದ ಲೆಫ್ಟಿನೆಂಟ್ ಜಾನ್ ಪಾಸ್ಕೊ ವಿನಯದಿಂದ ಒಂದು ತಿದ್ದುಪಡಿ ಕೇಳಿದ. ಅವರು ಬಳಸುತ್ತಿದ್ದದ್ದು ಹೋಮ್ ಪಾಪಮ್ ಎಂಬ ನೌಕಾಧಿಕಾರಿ ರಚಿಸಿದ ಸಂಕೇತಕೋಶ. ಅದರಲ್ಲಿ ಸಾವಿರಾರು ಪದಗಳಿಗೆ ಒಂದೊಂದು ಸಂಖ್ಯೆ, ಸಂಖ್ಯೆಯ ಪ್ರತಿ ಅಂಕೆಗೆ ಒಂದು ಬಾವುಟ. 'ನಿರೀಕ್ಷಿಸುತ್ತದೆ' ಎಂಬುದಕ್ಕೆ ಕೋಶದಲ್ಲಿ ಸಂಖ್ಯೆ ಇತ್ತು. ನೆಲ್ಸನ್ನನ ಪದಕ್ಕೆ ಇರಲಿಲ್ಲ, ಒಂದೊಂದೇ ಅಕ್ಷರವಾಗಿ ಬಿಡಿಸಿ ಹೇಳಬೇಕಿತ್ತು. ಅಷ್ಟು ಹೊತ್ತು ಇರಲಿಲ್ಲ. ನೆಲ್ಸನ್ ಒಪ್ಪಿದ. ಎಂಟು ಪದಗಳು ಎಂಟು ಸಲಕ್ಕೆ ಏರಿದವು, ಸಲಕ್ಕೆ ಮೂರು ಬಾವುಟ. ಕೊನೆಯ 'ಡ್ಯೂಟಿ' (ಕರ್ತವ್ಯ) ಎಂಬ ಇಂಗ್ಲಿಷ್ ಪದವೇ ಕೋಶದಲ್ಲಿರಲಿಲ್ಲ! ಅದರ ನಾಲ್ಕು ಅಕ್ಷರಗಳನ್ನು 4, 21, 19, 24 ಎಂದು ಬಿಡಿಬಿಡಿಯಾಗಿ ಹಾರಿಸಿದರು. ಒಟ್ಟು 12 ಏರಿಕೆ, 31 ಬಾವುಟ. ಲೋಕಪ್ರಸಿದ್ಧವಾದ ಆ ವಾಕ್ಯದ ಒಂದು ಪದವನ್ನು ಆರಿಸಿದ್ದು ಹೀಗೆ ಬಾವುಟದ ಹಗ್ಗ ಎಳೆಸುತ್ತಿದ್ದ ಒಬ್ಬ ಲೆಫ್ಟಿನೆಂಟ್. ಅದರ ಹಿಂದೆಯೇ 16ನೇ ಸಂಖ್ಯೆಯ ಸಂಕೇತ ಏರಿತು: ವೈರಿಯನ್ನು ಇನ್ನೂ ಹತ್ತಿರದಿಂದ ಹೊಡೆಯಿರಿ. ಅದು ಗುಂಡಿಗೆ ಸಿಕ್ಕಿ ಹಾರಿಹೋಗುವವರೆಗೂ ಮೇಲೆಯೇ ಇತ್ತು.

ಇದಕ್ಕೊಂದು ಬಾಲಂಗೋಚಿ ಇದೆ. ಸಂಕೇತದ ಪುಸ್ತಕ ಹಗೆಯ ಕೈಗೆ ಸಿಕ್ಕಬಾರದೆಂದು ಅದಕ್ಕೆ ಸೀಸದ ತೂಕ ಕಟ್ಟಿರುತ್ತಿದ್ದರು, ಸೋಲು ಖಚಿತವಾದರೆ ನೀರಿಗೆಸೆಯಬೇಕು. 1803ರಲ್ಲಿ 'ರೆಡ್‌ಬ್ರಿಜ್' ಎಂಬ ಸಣ್ಣ ಹಡಗು ಫ್ರೆಂಚರಿಗೆ ಸಿಕ್ಕಿಬಿದ್ದಾಗ ಸಂಕೇತಗಳೂ ಸಿಕ್ಕಿಹೋದವು. ನೌಕಾ ಇಲಾಖೆ ತಕ್ಷಣ ಯಾವ ಬಾವುಟಕ್ಕೆ ಯಾವ ಅಂಕೆ ಎಂಬುದನ್ನೇ ಬದಲಿಸಿತು. ಈ ಬದಲಾವಣೆ ಕಾಲಕ್ರಮೇಣ ಮರೆತುಹೋಯಿತು. ಮುಂದೆ ನೆಲ್ಸನ್ನನ ನೆನಪಿಗೆ ಆ ಸಂದೇಶ ಹಾರಿಸಿದವರು ಹಳೆಯ ಕ್ರಮದ ಬಾವುಟಗಳನ್ನೇ ಹಾರಿಸುತ್ತಿದ್ದರು. ನೌಕಾ ಇಲಾಖೆಯ ಗ್ರಂಥಪಾಲಕ ಪೆರಿನ್ ಹಳೆಯ ಕಡತ ತಿರುವಿ 1908ರಲ್ಲಿ ಅದನ್ನು ಸರಿಪಡಿಸಿದ. ಧೂಳು ಕೊಡವಿ ಒಂದು ತಪ್ಪು ತಿದ್ದುವ ಇಂಥ ಗ್ರಂಥಪಾಲಕರ ಬಗ್ಗೆ ನನಗೆ ಯಾವಾಗಲೂ ಗೌರವ.

ನೆಲ್ಸನ್ ಆ ಯುದ್ಧದಲ್ಲೇ ಸತ್ತ. 1806ರ ಜನವರಿ 9ರಂದು ಲಂಡನ್ನಿನ ಸೇಂಟ್ ಪಾಲ್ಸ್ ಇಗರ್ಜಿಯಲ್ಲಿ ಶವಸಂಸ್ಕಾರ. 'ವಿಕ್ಟರಿ'ಯ ನಾವಿಕರು ಹಡಗಿನ ಬಾವುಟವನ್ನು ಮಡಿಸಿ ಪೆಟ್ಟಿಗೆಯ ಜೊತೆ ಸಮಾಧಿಗಿಳಿಸಬೇಕೆಂದು ಏರ್ಪಾಟಾಗಿತ್ತು. ಆ ಗಳಿಗೆ ಬಂದಾಗ ನಾವಿಕರು ಬಾವುಟವನ್ನು ಹರಿದರು. ಸಿಕ್ಕಷ್ಟು ಸಿಕ್ಕಷ್ಟು ಹರಿದು ಎದೆಗೆ ಸೇರಿಸಿಕೊಂಡರು. ರಾಜಕುಮಾರರು, ಅಡ್ಮಿರಲ್ಲುಗಳು ಕೂತು ನೋಡುತ್ತಿದ್ದ ಆ ದೊಡ್ಡ ಸಭೆಯಲ್ಲಿ ಅವರು ಮಾಡಿದ್ದು ಶಿಷ್ಟಾಚಾರದ ಮಾತಿನಲ್ಲಿ ಮಹಾ ತಪ್ಪು. ನನಗೆ ಮಾತ್ರ ಅವತ್ತಿನ ಎಲ್ಲ ವೈಭವದಲ್ಲಿ ಹೃದಯದಿಂದ ಬಂದದ್ದು ಅದೊಂದೇ ಅನ್ನಿಸುತ್ತದೆ. ಆ ಚೂರುಗಳಲ್ಲಿ ಕೆಲವು ಇಂದಿಗೂ ಉಳಿದಿವೆ. ಅದೇ ಕದನದಲ್ಲಿ 'ಸ್ಪಾರ್ಶಿಯೇಟ್' ಹಡಗಿನಲ್ಲಿ ಹಾರಿದ ಬಾವುಟವನ್ನು ಆ ಹಡಗಿನವರು ತಮ್ಮ ಲೆಫ್ಟಿನೆಂಟ್ ಜೇಮ್ಸ್ ಕ್ಲೆಫನ್‌ಗೆ ಪ್ರೀತಿಯಿಂದ ಕೊಟ್ಟಿದ್ದರು. ಕ್ಲೆಫನ್ ಸ್ಕಾಟ್ಲೆಂಡಿನ ನೇಕಾರ. ಬಲವಂತದಿಂದ ನೌಕಾಪಡೆಗೆ ಎಳೆದೊಯ್ಯಲ್ಪಟ್ಟು ಕೆಳಗಿನಿಂದ ಮೇಲೇರಿದವನು. 2009ರ ಹರಾಜಿನಲ್ಲಿ ಆ ಬಾವುಟ 3,84,000 ಪೌಂಡಿಗೆ ಹೋಯಿತು.

ಹಡಗಿನ ಬಾವುಟ ಇಳಿಯಿತೆಂದರೆ ಶರಣಾದಂತೆ. ಯಾರೂ ಬೇಕೆಂದು ಇಳಿಸದೆ ಗುಂಡಿಗೆ ತುಂಡಾಗಿ ಬಿದ್ದರೂ ದೂರದಿಂದ ನೋಡುವವರಿಗೆ ಅದು ಸೋಲೇ. 1797ರ ಅಕ್ಟೋಬರ್ 11ರಂದು ಡಚ್ಚರ ಮೇಲಿನ ಕ್ಯಾಂಪರ್‌ಡೌನ್ ಕದನದಲ್ಲಿ ಅಡ್ಮಿರಲ್ ಡಂಕನ್ನನ 'ವೆನರಬಲ್' ಹಡಗಿನ ಕೂವೆಮರ ಮುರಿದು ಬಾವುಟ ಕೆಳಗೆ ಬಿತ್ತು. ಸಂಡರ್‌ಲೆಂಡಿನ ಸಾಮಾನ್ಯ ನಾವಿಕ ಜ್ಯಾಕ್ ಕ್ರಾಫರ್ಡ್, ಗುಂಡಿನ ಮಳೆಯ ನಡುವೆ ಉಳಿದ ಮೋಟು ಮರವನ್ನು ಹತ್ತಿ ಬಾವುಟವನ್ನು ಮೊಳೆ ಹೊಡೆದು ನಿಲ್ಲಿಸಿದ. ಊರು ಅವನಿಗೆ ಬೆಳ್ಳಿಯ ಪದಕ ಕೊಟ್ಟಿತು, ಸರ್ಕಾರ ವರ್ಷಕ್ಕೆ 30 ಪೌಂಡ್ ಪಿಂಚಣಿ ಕೊಟ್ಟಿತು. ಆಮೇಲೆ ಕಷ್ಟ ಬಂತು, ಪದಕವೂ ಕೈಬಿಟ್ಟುಹೋಯಿತು. 1831ರಲ್ಲಿ ಸಂಡರ್‌ಲೆಂಡಿಗೆ ಕಾಲರಾ ಬಂದಾಗ ಮೊದಮೊದಲು ಸತ್ತವರಲ್ಲಿ ಅವನೂ ಒಬ್ಬ. ಬಡವರ ಗುಂಡಿಯಲ್ಲಿ, ಕಲ್ಲೂ ಇಲ್ಲದೆ, ಮಣ್ಣು ಮಾಡಿದರು. ಊರಿನ ಉದ್ಯಾನದಲ್ಲಿ ಕಂಚಿನ ಪ್ರತಿಮೆ ಎದ್ದದ್ದು 1890ರಲ್ಲಿ, ಸತ್ತು ಸುಮಾರು ಅರವತ್ತು ವರ್ಷವಾದ ಮೇಲೆ. ಬಾವುಟವನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಕಾಯುವ ದೇಶಗಳು ಅದನ್ನು ಎತ್ತಿ ಹಿಡಿದವನಿಗೆ ಬದುಕಿದ್ದಾಗ ಒಂದು ಹೊತ್ತಿನ ಊಟ, ಸತ್ತಾಗ ಒಂದು ಕಲ್ಲು ಕೊಡಲು ಮರೆಯುತ್ತವೆ. ಇದು ಬ್ರಿಟನ್ನಿನಲ್ಲಿ ಮಾತ್ರ ನಡೆದ ಅನ್ಯಾಯವೂ ಅಲ್ಲ.

ನೆಲದ ಯುದ್ಧದಲ್ಲಿ ಬಾವುಟದ ಕಾಲ ಮುಗಿದದ್ದು ದಕ್ಷಿಣ ಆಫ್ರಿಕಾದಲ್ಲಿ. 1879ರ ಜನವರಿ 22ರಂದು ಇಸಾಂಡ್ಲ್ವಾನಾ ಬೆಟ್ಟದ ಬುಡದಲ್ಲಿ ಜುಲು ಸೈನ್ಯ ಬ್ರಿಟಿಷ್ ಶಿಬಿರವನ್ನು ನಿರ್ನಾಮ ಮಾಡಿತು. 24ನೇ ರೆಜಿಮೆಂಟಿನ ಲೆಫ್ಟಿನೆಂಟ್ ಮೆಲ್ವಿಲ್ ರಾಣಿಯ ಬಾವುಟವನ್ನು ಹೊತ್ತು ಕುದುರೆಯ ಮೇಲೆ ಹೊರಟ. ತುಂಬಿ ಹರಿಯುತ್ತಿದ್ದ ಬಫಲೊ ನದಿಯಲ್ಲಿ ಪ್ರವಾಹ ಅದನ್ನು ಕೈಯಿಂದ ಕಿತ್ತುಕೊಂಡಿತು. ದಡ ಸೇರಿದ್ದ ಲೆಫ್ಟಿನೆಂಟ್ ಕಾಗ್‌ಹಿಲ್ ಗೆಳೆಯನಿಗಾಗಿ ಮತ್ತೆ ನೀರಿಗಿಳಿದ. ಇಬ್ಬರೂ ಆಚೆ ದಡದಲ್ಲಿ ಸತ್ತರು. ಬಾವುಟ ಫೆಬ್ರವರಿ 4ರಂದು ನದಿಯಲ್ಲಿ ಸಿಕ್ಕಿತು. ವಿಕ್ಟೋರಿಯಾ ರಾಣಿ 1880ರಲ್ಲಿ ಅದರ ಕೋಲಿಗೆ ಬಾಡದ ಹೂವಿನ ಹಾರ ತೊಡಿಸಿದಳು. ಈಗ ಅದು ವೇಲ್ಸಿನ ಬ್ರೆಕನ್ ಇಗರ್ಜಿಯಲ್ಲಿದೆ. ಈ ಕತೆಯನ್ನು ಹೇಳುವವರು ಇನ್ನೊಂದು ಮಾತನ್ನೂ ಹೇಳಬೇಕು. ಜುಲುಗಳು ತಮ್ಮ ನೆಲವನ್ನು ಕಾಯುತ್ತಿದ್ದವರು. ಅವರಿಗೂ ರೆಜಿಮೆಂಟುಗಳಿದ್ದವು, ಅವರ ಗುರುತು ಬಟ್ಟೆಯಲ್ಲ, ದನದ ಚರ್ಮದ ಗುರಾಣಿ. ಗುರಾಣಿಯ ಬಣ್ಣ ನೋಡಿ ಯಾವ ಪಡೆ ಎಂದು ಹೇಳಬಹುದಿತ್ತು, ಆ ಗುರಾಣಿಗಳು ಅರಸನ ಸ್ವತ್ತಾಗಿದ್ದವು. ಅವತ್ತು ಅಲ್ಲಿ ಸತ್ತ ಸಾವಿರಾರು ಜುಲುಗಳ ಗುರಾಣಿಗಳಿಗೆ ಯಾವ ಇಗರ್ಜಿಯೂ ಇಲ್ಲ.

ಎರಡು ವರ್ಷದ ಮೇಲೆ, 1881ರ ಜನವರಿ 28ರಂದು, ಅದೇ ಸೀಮೆಯ ಲೈಂಗ್ಸ್ ನೆಕ್ ಕಣಿವೆಯಲ್ಲಿ 58ನೇ ರೆಜಿಮೆಂಟು ಬಾವುಟ ಬಿಚ್ಚಿಕೊಂಡು ಅಲ್ಲಿ ನೆಲೆಸಿದ್ದ ಡಚ್ ಮೂಲದ ಬೋಅರರ ಬಂದೂಕುಗಳೆದುರು ಗುಡ್ಡ ಹತ್ತಿತು. ಗುರಿ ತಪ್ಪದ ದೂರದ ಬಂದೂಕುಗಳ ಮುಂದೆ ಆ ಬಣ್ಣದ ರೇಷ್ಮೆ ತನ್ನವರಿಗಿಂತ ಹೆಚ್ಚಾಗಿ ವೈರಿಗೇ ನೆರವಾಯಿತು. ಬ್ರಿಟಿಷ್ ರೆಜಿಮೆಂಟೊಂದು ಯುದ್ಧಕ್ಕೆ ಬಾವುಟ ಹೊತ್ತದ್ದು ಅದೇ ಕೊನೆ.

ಅಲ್ಲಿಂದ ಮುಂದೆ ಬಾವುಟ ನೆನಪಿನ ಹಲಗೆಯಾಯಿತು. ಗೆದ್ದ ಯುದ್ಧಗಳ ಹೆಸರನ್ನು ಅದರ ಮೇಲೆ ಕಸೂತಿ ಹಾಕುವ ರೂಢಿ ಮೊದಲಿನಿಂದಲೂ ಇತ್ತು. 12ನೇ, 74ನೇ ಪದಾತಿ ರೆಜಿಮೆಂಟುಗಳ ಬಾವುಟಗಳ ಮೇಲೆ 'ಸೆರಿಂಗಪಟಮ್' ಎಂಬ ಹೆಸರಿತ್ತು. ನಮ್ಮ ನಾಡಿನ ಒಂದು ಊರಿನ ಸೋಲು ಹೀಗೆ ರೇಷ್ಮೆಯ ಮೇಲೆ ಚಿನ್ನದ ದಾರದಲ್ಲಿ ಕೂತು ದೇಶದೇಶ ತಿರುಗಿತು. ಈಸ್ಟ್ ಇಂಡಿಯಾ ಕಂಪನಿ ಹೊರಡಿಸಿದ ಶ್ರೀರಂಗಪಟ್ಟಣದ ಪದಕದಲ್ಲಂತೂ ಬ್ರಿಟಿಷ್ ಸಿಂಹ ಹುಲಿಯನ್ನು ಕೆಡವಿ ನಿಂತಿದೆ, ಹಿಂದೆ ಬಾವುಟ ಹಾರುತ್ತಿದೆ. ಆ ಚಿತ್ರವನ್ನು ನೋಡುವಾಗ ಹೊಟ್ಟೆಯಲ್ಲಿ ಕಿವುಚಿದಂತಾಗುತ್ತದೆ. ಗೆದ್ದವರ ಬಾವುಟದ ಚರಿತ್ರೆ ಓದುವ ಸೋತ ಊರಿನವರಿಗೆ ಆ ನೋವು ಇರಬೇಕಾದ್ದೇ.

ಸ್ವತಂತ್ರ ಭಾರತದ ರೆಜಿಮೆಂಟುಗಳು ಹಳೆಯ 'ದೊರೆಯ ಬಾವುಟ'ಗಳನ್ನು 1950ರ ನವೆಂಬರ್ 23ರಂದು ಡೆಹ್ರಾಡೂನಿನ ಚೆಟ್‌ವುಡ್ ಸಭಾಂಗಣದಲ್ಲಿ ಗೌರವದಿಂದ ಒಪ್ಪಿಸಿ ಕೈತೊಳೆದುಕೊಂಡವು. ನೌಕಾಪಡೆಯ ಬಾವುಟದಲ್ಲಿ ಮಾತ್ರ ಸೇಂಟ್ ಜಾರ್ಜನ ಕೆಂಪು ಶಿಲುಬೆ ಉಳಿಯಿತು. 2001ರಲ್ಲಿ ಅದನ್ನು ತೆಗೆದು ನೀಲಿ ಲಾಂಛನ ಹಾಕಿದರು. ಕಡಲಿನ ನೀಲಿ, ಬಾನಿನ ನೀಲಿಯ ನಡುವೆ ಆ ನೀಲಿ ಕಾಣದೆಂದು ದೂರು ಬಂದು 2004ರಲ್ಲಿ ಶಿಲುಬೆ ಹಿಂದಿರುಗಿತು. ನೆಲ್ಸನ್ನನ ಕಾಲದ ಅದೇ ಪ್ರಶ್ನೆ ನೋಡಿ: ದೂರದಿಂದ ಕಾಣುತ್ತದೆಯೇ? 2005ರಲ್ಲಿ ಕಾರವಾರದ 'ಐಎನ್‌ಎಸ್ ಕದಂಬ' ನೌಕಾನೆಲೆ ಶುರುವಾದಾಗ ಅಲ್ಲಿ ಏರಿದ ನೌಕಾಬಾವುಟದಲ್ಲೂ ಆ ಶಿಲುಬೆ ಇತ್ತು. 2022ರ ಸೆಪ್ಟೆಂಬರ್ 2ರಂದು ಅದು ಕೊನೆಯದಾಗಿ ಇಳಿಯಿತು.

ಕೊನೆಗೊಂದು ಬಾವುಟ. ಅದು ಯಾವ ಕೋಟೆಯ ಮೇಲೂ ಹಾರಲಿಲ್ಲ. ಡೇವಿಡ್ ರೇಲ್ಟನ್ ಎಂಬ ಪಾದ್ರಿ ಮೊದಲ ಮಹಾಯುದ್ಧದಲ್ಲಿ ಫ್ರಾನ್ಸಿನ ಕಂದಕಗಳಿಗೆ ಅದನ್ನು ಒಯ್ದಿದ್ದ. ಪ್ರಾರ್ಥನೆಯ ಹೊತ್ತಿಗೆ ಪೆಟ್ಟಿಗೆಗಳ ಮೇಲೆ ಹಾಸಿದರೆ ಅದೇ ಪೂಜಾಪೀಠ; ಹೂಳುವ ಹೊತ್ತಿಗೆ ಹೆಣದ ಮೇಲೆ ಹೊದಿಸಿದರೆ ಅದೇ ಹೊದಿಕೆ. 1916ರಲ್ಲಿ ಆರ್ಮೆಂಟಿಯೇರ್ ಹತ್ತಿರ ಒಂದು ಮನೆಯ ಹಿತ್ತಲಲ್ಲಿ ಮರದ ಶಿಲುಬೆಯೊಂದು ಕಂಡಿತು. ಅದರ ಮೇಲೆ ಹೆಸರಿರಲಿಲ್ಲ, ಯಾರೋ ಒಬ್ಬ ಬ್ರಿಟಿಷ್ ಸಿಪಾಯಿ ಎಂದಷ್ಟೇ ಬರೆದಿತ್ತು. ಅದು ರೇಲ್ಟನ್ ಮನಸ್ಸಿನಿಂದ ಹೋಗಲಿಲ್ಲ. 1920ರಲ್ಲಿ ವೆಸ್ಟ್‌ಮಿನ್‌ಸ್ಟರ್ ಇಗರ್ಜಿಯ ಮುಖ್ಯಸ್ಥನಿಗೆ ಕಾಗದ ಬರೆದ: ಅಂಥ ಒಬ್ಬನನ್ನು ತಂದು ದೊರೆಗಳ ನಡುವೆ ಹೂಳಿ.

ಹಾಗೇ ಮಾಡಿದರು. ಆ ವರ್ಷ ನವೆಂಬರ್ 11ರಂದು ಹೆಸರಿಲ್ಲದ ಸಿಪಾಯಿಯ ಪೆಟ್ಟಿಗೆ ಲಂಡನ್ನಿನ ಬೀದಿಗಳಲ್ಲಿ ಸಾಗಿತು. ಐದನೇ ಜಾರ್ಜ್ ದೊರೆ ಅದರ ಹಿಂದೆ ನಡೆದ. ಮಗ ಎಲ್ಲಿ ಸತ್ತನೆಂದೇ ತಿಳಿಯದ ತಾಯಂದಿರು ದಾರಿಯಲ್ಲಿ ನಿಂತಿದ್ದರು. ಪೆಟ್ಟಿಗೆಯ ಮೇಲೆ ಹೊದಿಸಿದ್ದು ಹೊಸ ಬಾವುಟವಲ್ಲ, ಕಂದಕದಲ್ಲಿ ಎಷ್ಟೋ ಹುಡುಗರಿಗೆ ಹೊದಿಸಿ ತೆಗೆದಿದ್ದ ರೇಲ್ಟನ್ನನ ಅದೇ ಹಳೆಯ ಬಟ್ಟೆ. ಅದು ಈಗಲೂ ಅದೇ ಇಗರ್ಜಿಯಲ್ಲಿ, ಸಮಾಧಿಗೆ ಸಮೀಪದ ಸಣ್ಣ ಪ್ರಾರ್ಥನಾಲಯದಲ್ಲಿ ತೂಗುತ್ತಿದೆ.